ಉಕ್ಕಿಲ್ಲದ ಚೀಲ

ಆಗಸ್ಟ್ ೧, ಶನಿವಾರ

ದೇವಮಾತೆಯ ಉಪವಾಸ ಇವತ್ತಿನಿಂದ ಶುರು. ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ, ಮೀನೂ ಇಲ್ಲ. ಎದ್ದವಳೇ ಪಟದ ಮುಂದೆ ದೀಪ ಹಚ್ಚಿ ಪ್ರಾರ್ಥನೆ ಮುಗಿಸಿದೆ. ಒಲೆಯ ಬೂದಿ ತೆಗೆದು, ಸರೋವರದಿಂದ ನೀರು ತಂದು, ಬಾರ್ಲಿ ಗಂಜಿಗೆ ಇಟ್ಟೆ. ಮುಸ್ತಿಗೆ ನಿನ್ನೆಯ ಮೀನಿನ ತಲೆ ಹಾಕಿದೆ. ನಾಯಿಗೆಲ್ಲಿಯ ಉಪವಾಸ. ಬಲೆಯನ್ನು ನೀರಿನಿಂದ ಎತ್ತಿ ಒಣಹಾಕಿದೆ. ಉಪವಾಸದಲ್ಲಿ ಬಲೆ ನೀರಿನಲ್ಲಿದ್ದರೆ ಮನಸ್ಸೂ ಅಲ್ಲೇ ನೆನೆಯುತ್ತಾ ಇರುತ್ತದೆ.

ಮೆಟ್ಟಿಲಿಳಿಯುವಾಗ ಮೊಣಕಾಲು ಚುರುಕ್ಕೆಂದಿತು. ಐವತ್ತಕ್ಕೇ ಹೀಗಾದರೆ ಮುಂದೆ ದೇವರೇ ಗತಿ.

ನಾಳೆ ಪಾದ್ರಿಗಳು ಬರುತ್ತಾರೆ. ಗಂಡ ಹುವೋತರಿಯ ಹೆಸರಿನ ಮೇಣದ ಬತ್ತಿ ಮೇಲಂಗಿಯ ಜೇಬಿನಲ್ಲೇ ಇದೆ.

ಆಗಸ್ಟ್ ೨, ಭಾನುವಾರ

ನಮ್ಮ ಚರ್ಚಿನಲ್ಲಿ ಬತ್ತಿ ಹಚ್ಚಲು ಎರಡು ಜಾಗ. ಪಟದ ಮುಂದಿನ ಎತ್ತರದ ಕಂಬ ಬದುಕಿರುವವರಿಗೆ. ಬಲಗೋಡೆಯ ಕೆಳಗಿನ ಮರಳಿನ ತಟ್ಟೆ ತೀರಿಕೊಂಡವರಿಗೆ. ಕಳೆದ ಶರತ್ಕಾಲದಿಂದ ನಾನು ಎರಡರ ನಡುವೆ ನಿಂತು, ಗಂಡನ ಬತ್ತಿಯನ್ನು ಹಚ್ಚದೆ ಮನೆಗೆ ತರುತ್ತಿದ್ದೇನೆ.

ಪೂಜೆ ಮುಗಿದ ಮೇಲೆ ಪಾದ್ರಿ ನಿಕಾನರ್ ನನ್ನನ್ನು ಬಾಗಿಲ ಬಳಿ ನಿಲ್ಲಿಸಿದರು.

"ಬತ್ತೀನ ಜೇಬಲ್ಲಿ ಇಟ್ಕೊಂಡು ಇನ್ನೆಷ್ಟು ದಿನ ಓಡಾಡ್ತೀಯಮ್ಮ? ಮಾತೆಯ ಹಬ್ಬದ ದಿನ ನಾನು ಹೆಸರು ಓದ್ಬೇಕು. ಹುವೋತರೀನ ಇರೋರ ಜೊತೆ ಓದ್ಲೋ, ಹೋದೋರ ಜೊತೆ ಓದ್ಲೋ?"

"ನನಗೆ ಗೊತ್ತಿಲ್ಲ ಫಾದರ್."

"ದೇವರಿಗೆ ಗೊತ್ತು. ಅವನು ಎರಡೂ ಕಡೆ ಕೇಳಿಸ್ಕೋತಾನೆ. ಆದ್ರೆ ನಿನ್ನ ಮನಸ್ಸು ಒಂದು ಕಡೆ ನಿಲ್ಬೇಕಲ್ಲ? ಹಬ್ಬದೊಳಗೆ ನನಗೊಂದು ಉತ್ತರ ಕೊಡು."

ಮನೆಗೆ ಬಂದು ತುಂಬ ಹೊತ್ತು ಕೂತಿದ್ದೆ. ಹುವೋತರಿ ತಪ್ಪಿಸಿಕೊಂಡ ಹಿಮಸಾರಂಗ ಹುಡುಕಲು ವೈಡೋ ಗುಡ್ಡದಲ್ಲಿ ದಾರಿಹೋಕರು ತಂಗುವ ಕಾಡುಮನೆಗೆ ಹೋದವನು. ಹೋಗುವ ಮುಂಚೆ, "ಅಲ್ಲೊಂದು ಬಿಳೀ ಸಾರಂಗ ಓಡಾಡ್ತಿದೆ ಕಣೇ, ಕಿವೀಲಿ ಯಾವ ಒಡೆಯನ ಗುರುತೂ ಇಲ್ಲ" ಎಂದಿದ್ದ. ಹುಡುಕಲು ಹೋದವರಿಗೆ ಕಾಡುಮನೆಯಲ್ಲಿ ಅವನ ಚೀಲ ಸಿಕ್ಕಿತು. ಚಾಕು ಇದ್ದ ಸೊಂಟಪಟ್ಟಿ ಮೊಳೆಗೆ ನೇತಾಡುತ್ತಿತ್ತು. ಕೊಡಲಿ ಕೊರಡಿನಲ್ಲಿ ನಾಟಿತ್ತು. ಅವನು ಮಾತ್ರ ಸಿಗಲಿಲ್ಲ. ಹೆಲಿಕಾಪ್ಟರು ಬಂತು, ಆಮೇಲೆ ಹಿಮ ಬಂತು, ಎಲ್ಲ ಮುಚ್ಚಿತು.

ನಾನೇ ಹೋಗುತ್ತೇನೆ. ಒಂದು ಎಲುಬಾದರೂ ಸಿಕ್ಕರೆ ಮರಳಿನ ತಟ್ಟೆಯಲ್ಲಿ ಬತ್ತಿ ಊರಬಹುದು. ಪಟದ ಮುಂದೆ ಹರಕೆ ಹೇಳಿಕೊಂಡೆ: ಮನೆ ಬಿಟ್ಟ ದಿನದಿಂದ ಹಬ್ಬದವರೆಗೆ ನನ್ನ ಬೆನ್ನ ಮೇಲೆ ಹೊತ್ತದ್ದನ್ನಲ್ಲದೆ ಬೇರೇನನ್ನೂ ಬಾಯಿಗೆ ಹಾಕುವುದಿಲ್ಲ.

ಆಗಸ್ಟ್ ೩, ಸೋಮವಾರ

ನನ್ನ ಒಡಹುಟ್ಟಿದ ಪಲಾಗಕ್ಕನ ಅಳಿಯ ತಪಾನಿ ಬಂದಿದ್ದ. ಪೇಟೆಯಲ್ಲಿ ಗುಡ್ಡ ಹತ್ತುವವರಿಗೆ ಸಾಮಾನು ಮಾರುವ ಅಂಗಡಿ ಇವನದು. ದಕ್ಷಿಣದ ಕಡೆಯವನು. ಒಳ್ಳೆಯವನು, ಬಾಯಿ ಮಾತ್ರ ನಿಲ್ಲುವುದಿಲ್ಲ. ಹೋಗಬೇಡಿ ಎಂದು ಅರ್ಧ ಗಂಟೆ ಹೇಳಿದ. ನಾನು ಸುಮ್ಮನೆ ಬಟ್ಟೆ ಮಡಿಸುತ್ತಿದ್ದೆ. ಕೊನೆಗೆ, "ಹೋಗೋದೇ ಆದ್ರೆ ಚೀಲ ನಾನು ಕಟ್ತೀನಿ. ಆ ಮೊಣಕಾಲಿಗೆ ಹೆಚ್ಚು ಭಾರ ಆಗಲ್ಲ" ಎಂದು ಅಡುಗೆಮನೆಯ ತಕ್ಕಡಿಯನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತ.

ನಾನು ಜೋಡಿಸಿದ್ದೆಲ್ಲ ಒಂದೊಂದಾಗಿ ಹೊರಗೆ ಬಂತು.

"ಇದೇನು ಚಿಕ್ಕಮ್ಮ, ಕಬ್ಬಿಣದ ಪಾತ್ರೆ? ಅಲ್ಲಿ ಮದುವೆ ಊಟ ಹಾಕ್ತೀರಾ?"

"ಗಂಜಿ ಬೇಯ್ಬೇಡ್ವಾ?"

"ಈ ಲೋಟದಲ್ಲಿ ಬೇಯುತ್ತೆ. ಟೈಟಾನಿಯಂ. ಹಿಡಿದು ನೋಡಿ."

ಹಿಡಿದೆ. ಹಿಡಿದ ಹಾಗೇ ಇರಲಿಲ್ಲ. ಮೊಟ್ಟೆಯ ಸಿಪ್ಪೆಯಂತೆ.

ಕೊಡಲಿ ಹೋಯಿತು, ಕಾಡುಮನೆಯಲ್ಲೇ ಒಂದಿದೆಯಂತೆ. ಡೇರೆ ಹೋಗಿ ರೇಷ್ಮೆಯಂಥ ಒಂದು ಹೊದಿಕೆ ಬಂತು. ಉಣ್ಣೆಯ ಕಂಬಳಿಗೆ ಬದಲು ಬಾತುಕೋಳಿ ಗರಿಯ ಮಲಗುಚೀಲ, ಹಿಂಡಿದರೆ ಮುಷ್ಟಿಯೊಳಗೆ ಬರುತ್ತದೆ. ಚಾಕುವಿಗೆ ಬದಲು ಪಿಂಗಾಣಿಯ ಅಲಗಿನ ಬಿಳಿ ಚಾಕು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿದ. ಬಾಯಿಗೆ ಹಿಡಿ ಯಾಕೆ ಬೇಕು ಅಂತ ಅವನ ವಾದ.

ಚೀಲದ ತಳದಲ್ಲಿ ಅಜ್ಜಿಯ ಚಕಮಕಿಯ ಉಕ್ಕು ಇತ್ತು. ಅವನು ಎತ್ತಿ ನೋಡಿ ಶಿಳ್ಳೆ ಹೊಡೆದ.

"ಚಿಕ್ಕಮ್ಮ, ಗುಡ್ಡಕ್ಕೆ ಹೊರಟಿದೀರೋ, ಕಬ್ಬಿಣದಂಗಡಿ ಇಡೋಕೆ ಹೊರಟಿದೀರೋ? ಇದರ ತೂಕಕ್ಕೆ ಇಂಥಾ ನಾಲ್ಕು ಲೈಟರ್ ಬರುತ್ತೆ."

"ಅದು ಅಜ್ಜೀದು ಕಣೋ."

"ಅಜ್ಜಿ ಪೆಟ್ಟಿಗೇಲೇ ಭದ್ರವಾಗಿರ್ಲಿ."

ಪ್ರಾರ್ಥನೆಯ ಪುಸ್ತಕದಲ್ಲಿ ಬೇಕಾದ ಹಾಳೆ ಮಾತ್ರ ಹರಿದುಕೊಳ್ಳಿ ಎಂದಾಗ ಮಾತ್ರ ಬೈದೆ. ಪುಸ್ತಕ, ಈ ದಿನಚರಿ, ಬತ್ತಿ ಇವು ಮೂರನ್ನು ಮುಟ್ಟಗೊಡಲಿಲ್ಲ. ಕೊನೆಗೆ ಬೆರಳುದ್ದದ ಒಂದು ಯಂತ್ರ ಕೊಟ್ಟ. ಫೋನು ಹಿಡಿಯದ ಕಡೆಯಿಂದಲೂ ಅದರಲ್ಲಿ ಎರಡು ಸಾಲು ಕಳಿಸಬಹುದು, ಅವರು ಕಳಿಸಿದ್ದೂ ಬರುತ್ತದೆ. ಹದಿನಾಲ್ಕರಂದು ಅವನೇ ದೋಣಿ ತಂದು, ಕಾಡುಮನೆಯವರೆಗೆ ನಡೆದು ಬಂದು, ಹಬ್ಬದ ಪೂಜೆಗೆ ನನ್ನನ್ನು ವಾಪಸು ಕರೆದೊಯ್ಯುತ್ತಾನಂತೆ.

ಚೀಲ ಬೆನ್ನಿಗೆ ಹಾಕಿ ನೋಡಿದೆ. ಯಾರೋ ಹಿಂದಿನಿಂದ ಎತ್ತಿ ಹಿಡಿದುಕೊಂಡ ಹಾಗಿತ್ತು.

ಆಗಸ್ಟ್ ೪, ಮಂಗಳವಾರ

ಪಲಾಗಕ್ಕ ಬಂದವಳೇ ಚೀಲದ ತಳಕ್ಕೆ ಕೈ ಹಾಕಿದಳು.

"ಉಕ್ಕೆಲ್ಲೇ?"

"ಭಾರ ಆಗುತ್ತೆ ಅಂತ ತೆಗೆದಿಟ್ಟೆ ಅಕ್ಕ."

"ಭಾರ! ಉಕ್ಕಿಲ್ಲದ ಚೀಲ ಮನೆಗೆ ಮರಳಲ್ಲ ಅಂತ ಅಜ್ಜಿ ಬಡ್ಕೋತಿದ್ದದ್ದು ಮರ್ತೋಯ್ತಾ? ಗುಡ್ಡದೊಳಗಿರೋ ನೆಲದಡಿಯೋರು ಉಕ್ಕಿಗೆ ಮಾತ್ರ ಹೆದರೋದು. ಅವರ ಸಾರಂಗ ಕಂಡ್ರೆ ಅದರ ಮೇಲಿಂದ ಉಕ್ಕು ಎಸೆದ್ರೆ ಅದು ನಿನ್ನದಾಗುತ್ತೆ. ಅವರು ಹಿಡ್ಕೊಂಡ ಮನುಷ್ಯರ ಮೇಲೆ ಎಸೆದ್ರೂ ಅಷ್ಟೇ, ವಾಪಸ್ ಕಣ್ಣಿಗೆ ಕಾಣ್ತಾರೆ. ಬರಿಗೈಲಿ ಹೋದ್ರೆ ನೀನೇ ಅವರ ಸೊತ್ತು. ಅವರು ಕೊಟ್ಟದ್ದು ತಿಂದ್ರಂತೂ ಮುಗೀತು."

"ಕತ್ತಲ್ಲಿ ಶಿಲುಬೆ ಇದೆ ಅಕ್ಕ. ದೀಕ್ಷೆ ಆದೋರು ಇದನ್ನೆಲ್ಲ ನಂಬ್ಬಾರ್ದು."

"ಶಿಲುಬೆ ದೇವರಿಗೆ, ಉಕ್ಕು ದಾರಿಗೆ. ನಿನ್ನ ಗಂಡನ ಕತ್ತಲ್ಲಿ ಶಿಲುಬೆ ಇರ್ಲಿಲ್ವಾ? ಚಾಕು ಎಲ್ಲಿತ್ತು? ಮೊಳೇಲಿ!"

ಕೊನೆಗೆ ಅವಳ ಸಮಾಧಾನಕ್ಕೆ, ಹುಡುಕಿದವರು ತಂದುಕೊಟ್ಟಿದ್ದ ಹುವೋತರಿಯ ಸೊಂಟಪಟ್ಟಿಯನ್ನು ಚಾಕುವಿನ ಸಮೇತ ಕಟ್ಟಿಕೊಂಡು ಹೋಗುತ್ತೇನೆ ಎಂದು ಒಪ್ಪಿದೆ. ಹೋಗುವಾಗ, "ನಿನ್ನ ಮೇಲಂಗಿಯ ಗುಂಡಿ ಸಡಿಲವಾಗಿದೆ, ಹಾಕ್ಕೊಡ್ತೀನಿ ಕೊಡು" ಎಂದು ಅದನ್ನು ತೆಗೆದುಕೊಂಡು ಹೋದಳು. ಸಂಜೆಗೆ ವಾಪಸು ಕಳಿಸಿದಳು. ಗುಂಡಿಗಳೆಲ್ಲ ಮೊದಲಿನ ಹಾಗೇ ಗಟ್ಟಿಯಾಗಿದ್ದವು.

ಆಗಸ್ಟ್ ೬, ಗುರುವಾರ

ರೂಪಾಂತರದ ಹಬ್ಬ. ಇವತ್ತೊಂದು ದಿನ ಮೀನಿಗೆ ಅಪ್ಪಣೆಯಿದೆ. ಹೊರಡುವ ಮುಂಚೆ ಬೇಯಿಸಿದ ಬಿಳಿಮೀನು ತಿಂದೆ. ಇನ್ನು ಹರಕೆ.

ತಪಾನಿ ದೋಣಿಯಲ್ಲಿ ಸರೋವರದ ಆ ತುದಿಗೆ ಬಿಟ್ಟ. ಮುಸ್ತಿಯನ್ನು ಜೊತೆಗೆ ಒಯ್ಯುವ ಯೋಚನೆಯಿತ್ತು. ನಾನಿಳಿದು ಕರೆದರೆ ಅದು ದೋಣಿಯ ತಳಕ್ಕೆ ಹೊಟ್ಟೆ ಅಂಟಿಸಿ ಮಲಗಿತು. ಕತ್ತು ಹಿಡಿದೆಳೆದರೆ ನನಗೇ ಹಲ್ಲು ತೋರಿಸಿತು. ಮರಿಯಿಂದ ನನ್ನ ಕೈ ಅನ್ನ ತಿಂದ ನಾಯಿ.

"ಅದಕ್ಕೂ ಮೊಣಕಾಲು ನೋವೇನೋ," ಎಂದ ತಪಾನಿ. ಆದರೆ ನಗಲಿಲ್ಲ.

ಜೌಗು ದಾಟುವಷ್ಟರಲ್ಲಿ ಸಂಜೆ. ಹೊದಿಕೆ ಕಟ್ಟಿ ಒಂದು ಬಂಡೆಯ ಮರೆಯಲ್ಲಿ ಕೂತಿದ್ದೇನೆ. ಮೊಣಕಾಲು ಊದಿದೆ. ಸೊಳ್ಳೆ ಕಾಟ.

ಆಗಸ್ಟ್ ೭, ಶುಕ್ರವಾರ

ಮಧ್ಯಾಹ್ನ ಕಾಡುಮನೆ ಸೇರಿದೆ. ದಾರಿಯಲ್ಲಿ ಎರಡು ಸಲ ಕೂತು ಅತ್ತೆ, ನೋವಿಗೆ.

ಬಾಗಿಲು ತೆರೆದಾಗ ಜೀವ ತಂಪಾಯಿತು. ಒಲೆಯಲ್ಲಿ ಸಣ್ಣ ಸೌದೆ ಒಪ್ಪವಾಗಿ ಹೊಂದಿಸಿ, ಅಡಿಯಲ್ಲಿ ಬರ್ಚ್ ತೊಗಟೆ ಇಟ್ಟಿತ್ತು. ಪಕ್ಕದಲ್ಲಿ ಕಡ್ಡಿಪೆಟ್ಟಿಗೆ, ಒಂದು ಕಡ್ಡಿ ಹೊರಕ್ಕೆ ಚಾಚಿತ್ತು. ಕಾಡುಮನೆ ಬಿಡುವವನು ಮುಂದೆ ಬರುವವನಿಗಾಗಿ ಹೀಗೆ ಸಿದ್ಧ ಮಾಡಿಟ್ಟು ಹೋಗುವುದು ನಮ್ಮಲ್ಲಿನ ಪದ್ಧತಿ. ಬರುವವನ ಬೆರಳು ಮರಗಟ್ಟಿರಬಹುದು, ಕಡ್ಡಿ ಎಳೆದು ಗೀರಿದರೆ ಸಾಕು, ಜೀವ ಉಳಿಯುತ್ತದೆ. ಮಿಕ್ಕ ಆಹಾರವಿದ್ದರೆ ಅದನ್ನೂ ಇಟ್ಟು ಹೋಗುತ್ತಾರೆ. ಯಾರಿಟ್ಟರು ಎಂದು ಯಾರೂ ಕೇಳುವುದಿಲ್ಲ. ಇಟ್ಟವರಿಗೆ ಪ್ರಾರ್ಥನೆಯಲ್ಲಿ ಒಂದು ಮಾತು ಹೇಳಿದರಾಯಿತು. ಹೇಳಿದೆ.

ಸೊಂಟಪಟ್ಟಿಯನ್ನು ಮೊಳೆಗೆ ಹಾಕಿದೆ. ಚಾಕು ಕಟ್ಟಿಕೊಂಡು ಮೇಜಿಗೆ ಕೂರುವುದು ಮರ್ಯಾದೆಯಲ್ಲ. ಅದೇ ಮೊಳೆ.

ಆಗಸ್ಟ್ ೮, ಶನಿವಾರ

ದೊಡ್ಡ ಕೊರಕಲು ನೋಡಿ ಬಂದೆ. ಏನಿಲ್ಲ. ಸೊಂಟಪಟ್ಟಿ ಸೊಂಟದ ಮೂಳೆಗೆ ಉಜ್ಜುತ್ತದೆ, ಹುವೋತರಿಯ ಅಳತೆಯದು. ನಾಳೆಯಿಂದ ಬಿಳಿ ಚಾಕು ಸಾಕು, ಅದು ಜೇಬಿನಲ್ಲಿದ್ದದ್ದೇ ಗೊತ್ತಾಗುವುದಿಲ್ಲ.

ಬರುವಷ್ಟರಲ್ಲಿ ಒಲೆಯಲ್ಲಿ ಸೌದೆ ಮತ್ತೆ ಹೊಂದಿಸಿಟ್ಟಿತ್ತು. ಬೆಳಗ್ಗೆ ನಾನೇ ಹೊಂದಿಸಿ ಹೋಗಿದ್ದಿರಬೇಕು.

ಆಗಸ್ಟ್ ೯, ಭಾನುವಾರ

ಒಬ್ಬಳೇ ಪ್ರಾರ್ಥನೆ ಓದಿದೆ. "ಕರ್ತನೇ ಕರುಣಿಸು" ಎಂದಾಗ ದೂರದಿಂದ ಗಂಟೆಯ ಸದ್ದು. ಸಾರಂಗದ ಕತ್ತಿನ ಗಂಟೆ. ನಿಲ್ಲಿಸಿದರೆ ಅದೂ ನಿಂತಿತು. ಓದಿದರೆ ಮತ್ತೆ. ನಮ್ಮ ಹಿಂಡಿನ ಮುಂದಾಳು ಸಾರಂಗದ ಗಂಟೆಗೆ ಬಿರುಕು ಬಿದ್ದು ಸದ್ದು ಒಡಕಾಗಿತ್ತು. ಇದೂ ಒಡಕೇ.

ಹೊರಗೆ ಬಂದು ನೋಡಿದೆ. ತೊರೆಯಾಚೆ ಬಿಳಿ ಸಾರಂಗವೊಂದು ನಿಂತು ನನ್ನನ್ನೇ ನೋಡುತ್ತಿತ್ತು. ಕಿವಿಯಲ್ಲಿ ಗುರುತಿಲ್ಲ. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಏನಿದೆ? ಅಕ್ಕನ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಶಿಲುಬೆಯ ಗುರುತು ಮಾಡಿಕೊಂಡೆ. ಸಾರಂಗ ಹೆದರಲಿಲ್ಲ, ಹೋಗಲೂ ಇಲ್ಲ. ಸುಮ್ಮನೆ ಮೇಯತೊಡಗಿತು.

ಮೊಣಕಾಲು ಇವತ್ತು ವಾಸಿ.

ಆಗಸ್ಟ್ ೧೧, ಮಂಗಳವಾರ

ಗಂಜಿಗೂ ಇಡದೆ ಮೊದಲು ಇದನ್ನು ಬರೆಯುತ್ತಿದ್ದೇನೆ.

ಉತ್ತರದ ಇಳಿಜಾರೆಲ್ಲ ಹುಡುಕಿ ವಾಪಸಾದರೆ ಮೇಜಿನ ಮೇಲೆ ಹುವೋತರಿಯ ಬಟ್ಟಲು. ಬರ್ಚ್ ಗಂಟಿನಿಂದ ಅವನೇ ಕೆತ್ತಿದ್ದು. ಅಂಚಿನ ಸೀಳಿಗೆ ಮರದ ಅಂಟು ತುಂಬಿದ್ದು ನಾನು. ಅವನು ಕಾಣೆಯಾದಾಗ ಇದೂ ಕಾಣೆಯಾಗಿತ್ತು. ಹುಡುಕಿದವರ ಕೈಗೆ ಸಿಕ್ಕಿರಲಿಲ್ಲ. ಈಗ ಯಾರೋ ತೊಳೆದು ಬೋರಲು ಹಾಕಿಟ್ಟಿದ್ದಾರೆ. ಪಕ್ಕದಲ್ಲಿ ಬರ್ಚ್ ತೊಗಟೆಯ ಮೇಲೆ ಸಾರಂಗದ ಹಾಲಿನ ಗಿಣ್ಣು, ಹಸಿಬಿಳಿ, ಇನ್ನೂ ನೀರು ಜಿನುಗುತ್ತಿದೆ.

ಉಪವಾಸದಲ್ಲಿ ಗಿಣ್ಣು ಇಡುವವರು ಯಾರು? ಯಾರೋ ಪರವೂರಿನವರು ದಾರಿಯಲ್ಲಿ ಬಂದಿರಬೇಕು. ಬಟ್ಟಲು ಅವರಿಗೆ ಗುಡ್ಡದಲ್ಲಿ ಸಿಕ್ಕಿರಬೇಕು. ಹೊರಗೆ ಹೋಗಿ ಕೂಗಿದೆ. ಉತ್ತರವಿಲ್ಲ. ತೊರೆಯ ಮರಳಿನ ದಡದಲ್ಲಿ ಬಂದವರ ಹೆಜ್ಜೆಯೂ ಇಲ್ಲ.

ಗಿಣ್ಣನ್ನು ಮುಟ್ಟಲಿಲ್ಲ. ಯಂತ್ರದಲ್ಲಿ ಅಕ್ಕನಿಗೆ, "ಅವನ ಬಟ್ಟಲು ಸಿಕ್ಕಿತು" ಎಂದು ಕಳಿಸಿದೆ. ಕೂಡಲೇ ಬಂತು:

"ಎಲ್ಲಿತ್ತು ಯಾರು ಕೊಟ್ರು. ಏನೂ ತಿನ್ಬೇಡ. ಚಾಕು ಸೊಂಟದಲ್ಲಿದೆ ತಾನೆ? ಉತ್ತರ ಕೊಡು."

ಚಾಕು ಮೊಳೆಯಲ್ಲಿದೆ. ಹಾಗೆ ಬರೆದರೆ ಅವಳಿಗೆ ರಾತ್ರಿಯೆಲ್ಲ ನಿದ್ದೆ ಬರುವುದಿಲ್ಲ. ಏನೂ ಬರೆಯಲಿಲ್ಲ.

ಆಗಸ್ಟ್ ೧೨, ಬುಧವಾರ

ಗಿಣ್ಣು ಇಲ್ಲ. ಅದರ ಜಾಗದಲ್ಲಿ ಜೌಗಿನ ಹಳದಿ ಹಣ್ಣು, ಬಟ್ಟಲು ತುಂಬ. ಸಕ್ಕರೆಯಿಲ್ಲ, ಹಾಲಿಲ್ಲ. ಉಪವಾಸಕ್ಕೆ ಸಲ್ಲುವಂಥದ್ದು.

ಪರವೂರಿನವರಿಗೆ ಇದು ತಿಳಿಯದು. ಪ್ರತಿ ಉಪವಾಸದಲ್ಲೂ ನಾನು ಏಳುವ ಮೊದಲೇ ಹಣ್ಣು ಆರಿಸಿ ಮೇಜಿನ ಮೇಲೆ ಇಡುತ್ತಿದ್ದವನು ಒಬ್ಬನೇ.

ತುಂಬ ಹೊತ್ತು ಎದುರಿಗೆ ಕೂತಿದ್ದೆ. ಒಳ್ಳೆ ವಾಸನೆ. ಆದರೆ ಹರಕೆ ಹರಕೆಯೇ, ನಾನು ಹೊತ್ತು ತಂದದ್ದಲ್ಲ ಅದು. "ಹಬ್ಬದವರೆಗೆ ತಡಿ" ಎಂದೆ, ಗಟ್ಟಿಯಾಗಿ. ಯಾರಿಗೆ ಹೇಳಿದೆನೋ. ಹೊರಗೆ ಯಾರೋ ನಕ್ಕ ಹಾಗಾಯಿತು, ಮೂಗಿನಲ್ಲಿ ಗಾಳಿ ಬಿಟ್ಟು. ಅವನು ಹಾಗೇ ನಗುವುದು.

ಯಂತ್ರ ಕುಯ್‌ಗುಟ್ಟುತ್ತಲೇ ಇತ್ತು. ದಡದಲ್ಲಿ ಒಂದು ಕಲ್ಲಿನಡಿ ಇಟ್ಟು ಬಂದೆ. ಅಷ್ಟು ಚಿಕ್ಕದಾದರೂ ಭಾರ. ವಾಪಸು ಬರುವಾಗ ತಿರುಗಿ ನೋಡಿದೆ. ಈ ವರ್ಷ ದಡದ ಮರಳು ಬಹಳ ಗಟ್ಟಿ, ನನ್ನ ಹೆಜ್ಜೆಯೂ ಮೂಡಿರಲಿಲ್ಲ.

ಆಗಸ್ಟ್ ೧೩, ಗುರುವಾರ

ಹುವೋತರಿಯನ್ನು ಕಂಡೆ.

ತೊರೆಯಾಚೆ, ಬಿಳಿ ಸಾರಂಗದ ಕತ್ತಿನ ಮೇಲೆ ಕೈಯಿಟ್ಟು ನಿಂತಿದ್ದ. ನೀಲಿ ಅಂಗಿ, ನಾನೇ ಹೊಲಿದದ್ದು. ಮುಖ ತುಂಬಿಕೊಂಡಿದೆ. ನನಗೆ ಭಯವಾಗಲಿಲ್ಲ. ಸಂತೋಷವೂ ಆಗಲಿಲ್ಲ. ಕೊಟ್ಟಿಗೆಯಿಂದ ಒಳಗೆ ಬಂದವನನ್ನು ನೋಡಿದ ಹಾಗೆ ನೋಡಿದೆ.

"ಏನೇ, ಇಷ್ಟೊಂದು ಹೊತ್ಕೊಂಡು ಬಂದಿದೀಯ. ಇರೋಕೇ ಬಂದ್ಯಾ?" ಎಂದ.

"ಇಷ್ಟೊಂದೆಲ್ಲಿ? ತಪಾನಿ ಬ್ರಷ್ಷಿನ ಹಿಡೀನೂ ಬಿಡ್ಲಿಲ್ಲ. ಎಲ್ಲಿದ್ದೆ ನೀನು? ಊರೆಲ್ಲ ಹುಡುಕಿತು."

"ಇಲ್ಲೇ ಇದ್ದೆ. ನನ್ನ ಪಕ್ಕದಲ್ಲೇ ನಡ್ಕೊಂಡು ಹೋದ್ರು. ನಮ್ಮೂರ ಗಾವ್ರಿಲನಂತೂ ನನ್ನ ಕಾಲೇ ತುಳಿದ."

"ಬಾ ಈಚೆ. ಗಂಜಿ ಇದೆ."

ಅವನು ನೀರಿಗೆ ಒಂದು ಕಾಲಿಟ್ಟು ಹಿಂದಕ್ಕೆ ತೆಗೆದ. ಬೆಂಕಿ ಮುಟ್ಟಿದವನ ಹಾಗೆ ಮುಖ ಮಾಡಿದ.

"ನಿನ್ನ ಹತ್ರ ಇನ್ನೂ ಏನೋ ಇದೆ ದೊಮ್ನಾ. ಚುಚ್ತದೆ. ತೆಗೆದುಹಾಕು, ಬರ್ತೀನಿ."

ಚಾಕು ಮೊಳೆಯಲ್ಲಿದೆ, ನನ್ನ ಬಳಿ ಏನಿದೆ ಎಂದುಕೊಂಡು ಒಳಗೆ ಬಂದೆ. ಲೋಟ ನೋಡಿದೆ, ಟೈಟಾನಿಯಂ. ಚೀಲದ ಕೊಕ್ಕೆ ನೋಡಿದೆ, ಪ್ಲಾಸ್ಟಿಕ್ಕು. ಮೇಲಂಗಿಯನ್ನು ಬಿಚ್ಚಿ ಸ್ತರ ಸ್ತರವಾಗಿ ತಡವಿದೆ. ಕೆಳಗಿನ ಮಡಿಕೆಯಲ್ಲಿ, ಎರಡು ಬಟ್ಟೆಯ ನಡುವೆ, ದಾರ ಸುತ್ತಿ ಹೊಲಿದು ಬಚ್ಚಿಟ್ಟ ಒಂದು ಸೂಜಿ. ಪಲಾಗಕ್ಕನ ದಪ್ಪ ತೊಗಲುಸೂಜಿ. ಗುಂಡಿ ಹಾಕುತ್ತೇನೆ ಎಂದು ಸುಳ್ಳು ಹೇಳಿ ಮಾಡಿದ ಕೆಲಸ!

ಬೆರಳಿಗೆ ಚುಚ್ಚಿತು. ರಕ್ತ ಬರಲಿಲ್ಲ.

ಮೊದಲು ಕೋಪ ಬಂತು, ಆಮೇಲೆ ಅವಳ ಕಣ್ಣು ಮಂಜಾಗಿದ್ದೂ ಅಷ್ಟು ಸಣ್ಣ ಹೊಲಿಗೆ ಹಾಕಿದಳಲ್ಲ ಎಂದು ಬಿಚ್ಚಿದ ಹೊಲಿಗೆಯನ್ನು ಬೆರಳಿನಿಂದ ಸವರಿದೆ. ಸೂಜಿಯನ್ನು ಕಿಟಕಿಯ ಚೌಕಟ್ಟಿಗೆ ಚುಚ್ಚಿ ಸ್ವಲ್ಪ ಹೊತ್ತು ನೋಡುತ್ತಾ ನಿಂತೆ. ಒಂದು ಸಲ ಕೈ ಮುಂದೆ ಹೋಯಿತು, ವಾಪಸು ತೆಗೆದುಕೊಳ್ಳಲೆಂದು. ಅಷ್ಟರಲ್ಲಿ ಬಾಗಿಲ ಬಳಿ ಅವನ ಕೆಮ್ಮು.

ಗಂಜಿ ಬೇಡವೆಂದ. ನಾನು ಉಂಡೆ, ಅವನು ನೋಡುತ್ತಾ ಕೂತ.

ಆಗಸ್ಟ್ ೧೪, ಶುಕ್ರವಾರ

ಉಪವಾಸದ ಕೊನೆಯ ದಿನ. ತಂದ ಬಾರ್ಲಿ ತಳಕ್ಕೆ ಬಂದಿದೆ. ಹಸಿವೇನೂ ಇಲ್ಲ.

ತಪಾನಿ ಬಂದ. ಹೇಳಿದ ದಿನಕ್ಕೇ ಬಂದ, ಪುಣ್ಯಾತ್ಮ. ನಾನೂ ಹುವೋತರಿಯೂ ದಡದ ದಿಮ್ಮಿಯ ಮೇಲೆ ಕೂತಿದ್ದೆವು. ಮುಸ್ತಿಗೆ ಹಗ್ಗ ಕಟ್ಟಿ ಎಳೆದುಕೊಂಡು ಜೌಗಿನ ಕಡೆಯಿಂದ ಬಂದವನು ನಮ್ಮನ್ನು ದಾಟಿ ನೇರ ಬಾಗಿಲಿಗೆ ಹೋದ.

"ಚಿಕ್ಕಮ್ಮಾ! ದೋಣಿ ಬಂತು! ಕೂದಲು ಬಾಚಿಕೊಳ್ಳಿ!"

"ಇಲ್ಲಿದೀನೋ" ಎಂದೆ. ಅವನು ತಿರುಗಲಿಲ್ಲ. ಒಳಗೆ ಹೋಗಿ, ಹೊರಗೆ ಬಂದು, ಕೈ ಬಾಯಿಗಿಟ್ಟು ನಾಲ್ಕೂ ಕಡೆ ಕೂಗಿದ. ನಮ್ಮ ಕಡೆ ಮುಖ ಮಾಡಿಯೂ ಕೂಗಿದ. ಅವನ ಉಸಿರು ನನ್ನ ಕೆನ್ನೆಗೆ ತಾಗಿತು.

"ಫಾದರ್ ಉತ್ತರಕ್ಕೆ ಕಾಯ್ತಿದಾರೆ ಚಿಕ್ಕಮ್ಮ! ನಿಮ್ಮ ಸುದ್ದಿ ನಿಂತಾಗಿಂದ ಅತ್ತೆ ಒಲೆ ಹಚ್ಚಿಲ್ಲ! ತಮಾಷೆ ಸಾಕು, ಬನ್ನಿ!"

ಮತ್ತೆ ಒಳಗೆ ಹೋದವನು ಸೊಂಟಪಟ್ಟಿ ಹಿಡಿದುಕೊಂಡು ಬಂದ. ಚಾಕುವನ್ನು ಒರೆಯಿಂದ ಎಳೆದು ಅಲಗನ್ನೇ ನೋಡುತ್ತಾ ನಿಂತ. ಮೊಳೆಯನ್ನೊಮ್ಮೆ, ಚಾಕುವನ್ನೊಮ್ಮೆ ನೋಡಿ, "ಅಯ್ಯೋ, ನೀವೂನಾ?" ಎಂದ ಮೆಲ್ಲಗೆ. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಅತ್ತ. ನಾನೇ ತೂಗಿದ್ದು, ನಾನೇ ತೆಗೆದಿಟ್ಟದ್ದು ಎಂದು ಹಣೆ ಹಣೆ ಬಡಿದುಕೊಂಡ. ನಿನ್ನ ತಪ್ಪಲ್ಲ ಕಣೋ, ಒಳ್ಳೆ ಚೀಲ ಕಟ್ಟಿದ್ದೆ ಎಂದು ತಲೆ ಸವರೋಣವೆಂದು ಎದ್ದೆ. ಅವನ ಕೈಯ ಚಾಕು ಮಿಂಚಿತು. ಎದೆಯೊಳಗೆ ಸಲಾಕೆ ಹೊಕ್ಕ ಹಾಗಾಗಿ ಅಲ್ಲೇ ನಿಂತೆ.

"ಸುಮ್ನಿರು," ಎಂದ ಹುವೋತರಿ. "ಅವನು ಎಸೆಯಲ್ಲ. ಎಸೆದ್ರೆ ನಾವು ಕಾಣ್ತೀವಿ ಅಂತ ಅವನಿಗೆ ಗೊತ್ತಿಲ್ಲ."

ಎಸೆದಿದ್ದರೆ? ಒಂದು ಕ್ಷಣ, ಎಸೆಯಲಿ ಎಂದು ಅನ್ನಿಸಿತೋ, ಎಸೆಯದಿರಲಿ ಎಂದು ಅನ್ನಿಸಿತೋ. ಈಗ ಬರೆಯುವಾಗ ನೆನಪಾಗುತ್ತಿಲ್ಲ.

ಮುಸ್ತಿ ಮಾತ್ರ ನನ್ನ ಕಾಲ ಬಳಿ ಬಂತು. ಮೂಸಿತು. ಬಾಲ ಎರಡು ಸಲ ಅಲ್ಲಾಡಿಸಿತು. ಆಮೇಲೆ ಬಾಲ ಮುದುರಿ ತಪಾನಿಯ ಹಿಂದೆ ಹೋಗಿ ನಿಂತಿತು. ಅವನು ಚಾಕುವನ್ನು ಒರೆಗೆ ತಳ್ಳಿ, ಪಟ್ಟಿಯನ್ನು ಎದೆಗೆ ಅವಚಿಕೊಂಡು, ಜನ ಕರೆತರಲು ಜೌಗಿನ ಕಡೆಗೆ ಓಡಿದ.

ಆಗಸ್ಟ್ ೧೫, ಶನಿವಾರ

ಮಾತೆಯ ಹಬ್ಬ. ಉಪವಾಸ ಮುಗಿಯಿತು, ಹರಕೆಯೂ ತೀರಿತು.

ಪ್ರಾರ್ಥನೆಯ ಪುಸ್ತಕ ತೆರೆದೆ. ಅಕ್ಷರ ಕಾಣುತ್ತದೆ, ಓದಲು ನಾಲಿಗೆ ಏಳುವುದಿಲ್ಲ. ಮೈ ಹಗುರಾಗಿರುವುದಕ್ಕೆ ಹೀಗಿರಬಹುದು. ನಾಳೆ ನೋಡೋಣ.

ಗುಡ್ಡದ ಒಳಮನೆಯಿಂದ ಎಲ್ಲರೂ ಬಂದಿದ್ದರು. ಬಹಳ ಮರ್ಯಾದಸ್ಥ ಜನ. ನನಗಾಗಿ ಇಷ್ಟು ದಿನ ಕಾದಿದ್ದರಂತೆ, ಉಪವಾಸ ಮುರಿಯಲು ಒಬ್ಬರೂ ಒತ್ತಾಯಿಸಲಿಲ್ಲ ನೋಡಿ. ಬಿಸಿ ಮಾಂಸ, ಗಿಣ್ಣು, ಹಳದಿ ಹಣ್ಣಿಗೆ ಹಾಲು. ಹುವೋತರಿ ತನ್ನ ಬಟ್ಟಲಿನಲ್ಲೇ ನನಗೆ ಕುಡಿಸಿದ. ಹೊಟ್ಟೆ ತುಂಬ ತಿಂದೆ. ರುಚಿ ಹೇಗಿತ್ತು ಎಂದು ಬರೆಯಬೇಕು, ತಿಳಿಯುತ್ತಿಲ್ಲ.

ಫಾದರ್ ಹಬ್ಬದೊಳಗೆ ಉತ್ತರ ಕೇಳಿದ್ದರು. ಈ ದಿನಚರಿಯ ಒಂದು ಹಾಳೆ ಹರಿದು ಬರೆದಿಟ್ಟಿದ್ದೇನೆ: ಹುವೋತರಿಯ ಹೆಸರನ್ನು ಇರುವವರ ಜೊತೆ ಓದಬೇಡಿ, ಹೋದವರ ಜೊತೆಯೂ ಓದಬೇಡಿ. ನನ್ನದನ್ನೂ ಹಾಗೇ. ಹಚ್ಚದ ಬತ್ತಿಯನ್ನು ಹಾಳೆಯೊಳಗೆ ಸುತ್ತಿದ್ದೇನೆ. ಅದು ಯಾರಿಗಾದರೂ ಉಪಯೋಗಕ್ಕೆ ಬರಲಿ.

ಕಾಡುಮನೆಯನ್ನು ಗುಡಿಸಿ ಒಪ್ಪ ಮಾಡಿದ್ದೇನೆ. ಒಲೆಯಲ್ಲಿ ಸಣ್ಣ ಸೌದೆ ಹೊಂದಿಸಿದೆ, ಅಡಿಯಲ್ಲಿ ತೊಗಟೆ ಇದೆ, ಒಂದು ಕಡ್ಡಿಯನ್ನು ಪೆಟ್ಟಿಗೆಯಿಂದ ಹೊರಕ್ಕೆ ಚಾಚಿಟ್ಟಿದ್ದೇನೆ. ಮೇಜಿನ ಮೇಲೆ ಹೊಸ ಗಿಣ್ಣು ಇಟ್ಟಿದ್ದೇವೆ. ಬರುವವರು ಹಸಿದು ಬಂದಿರುತ್ತಾರೆ, ಯಾರಿಟ್ಟರು ಎಂದು ಕೇಳದೆ ತಿನ್ನಲಿ.

ಉತ್ತರ ಕಡ್ಡಿಪೆಟ್ಟಿಗೆಯ ಕೆಳಗಿದೆ. ಯಾರಾದರೂ ಬಂದು ತೆಗೆದುಕೊಂಡು ಹೋಗಿ ಫಾದರ್‌ಗೆ ಮುಟ್ಟಿಸಿ. ಕಿಟಕಿಯ ಚೌಕಟ್ಟಿನಲ್ಲಿ ಒಂದು ಸೂಜಿಯಿದೆ, ಅದನ್ನೂ ಕಿತ್ತುಕೊಂಡು ಹೋಗಿ, ಅದಿರುವ ಕಡೆ ನಮಗೆ ಕೂರಲಾಗುತ್ತಿಲ್ಲ. ಹಗುರವಾಗಿ ಬನ್ನಿ. ಅಕ್ಕನನ್ನು ಮಾತ್ರ ಕಳಿಸಬೇಡಿ. ಅವಳ ಎದೆಯ ಬಟ್ಟೆಯಲ್ಲಿ ಯಾವಾಗಲೂ ಇನ್ನೊಂದು ಸೂಜಿ ಇರುತ್ತದೆ.